ಪೀತಮ್‌ಪುರದ ಚಳಿ, ಅಮ್ಮನ ಬಿಸಿನೀರು

ದೆಹಲಿಗೆ ವರ್ಗವಾದಾಗ ಎಲ್ಲರೂ ಇಲ್ಲಿನ ಬಿಸಿಲಿನ ಬಗ್ಗೆ ಎಚ್ಚರಿಸಿದ್ದರು. ಚಳಿಯ ಬಗ್ಗೆ ಯಾರೂ ಹೇಳಿರಲಿಲ್ಲ. ಜನವರಿಯ ಬೆಳಗಿನಲ್ಲಿ ಉಷ್ಣಾಂಶ ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ. ತಾರಸಿಯ ಟ್ಯಾಂಕಿನಿಂದ ಬರುವ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತದೆ.

ಪೀತಮ್‌ಪುರದಲ್ಲಿ, ಟಿ.ವಿ. ಟವರ್ ಕಾಣುವ ಮೂರನೇ ಮಹಡಿಯಲ್ಲಿ ನಮ್ಮ ಬಾಡಿಗೆ ಮನೆ. ಬಚ್ಚಲಿನೊಳಗೇ ಹಿಂದಿನವರು ಬಿಟ್ಟುಹೋದ ಗ್ಯಾಸ್ ಗೀಸರ್ ಇತ್ತು. ಚಳಿಗಾಳಿ ಬರುತ್ತದೆಂದು ಅಲ್ಲಿದ್ದ ಒಂದೇ ಕಿಟಕಿಗೆ ನಾನೇ ರಟ್ಟು ಅಂಟಿಸಿದ್ದೆ. ಆ ಚಳಿಗಾಲದಲ್ಲಿ ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದರು.

ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದ ಅಮ್ಮನ ಸದ್ದೇ ಇಲ್ಲ. ಕರೆದರೆ ಉತ್ತರವಿಲ್ಲ. ಚಿಲಕ ಹಾಕುವ ಅಭ್ಯಾಸ ಅವರಿಗಿಲ್ಲದ್ದೇ ಪುಣ್ಯ. ಬಾಗಿಲು ತಳ್ಳಿದರೆ ಗೋಡೆಗೆ ಒರಗಿ ಕುಸಿದಿದ್ದರು. ಎತ್ತಿಕೊಂಡು ಬಾಲ್ಕನಿಗೆ ತಂದೆವು, ಅಲ್ಲಿಂದ ಆಸ್ಪತ್ರೆಗೆ. ಆಮ್ಲಜನಕ ಕೊಟ್ಟ ಮೇಲೆ ಚೇತರಿಸಿಕೊಂಡರು. ‘ಇನ್ನು ಹತ್ತು ನಿಮಿಷ ತಡವಾಗಿದ್ದರೆ...’ ಎಂದ ವೈದ್ಯರು ಮಾತು ಮುಗಿಸಲಿಲ್ಲ.

ಗ್ಯಾಸ್ ಉರಿಯಲು ಗಾಳಿ ಬೇಕು. ಮುಚ್ಚಿದ ಬಚ್ಚಲಿನಲ್ಲಿ ಆಮ್ಲಜನಕ ಕಡಿಮೆಯಾದಂತೆ ಅದು ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹೊರಬಿಡುತ್ತದೆ. ಈ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಆಮೇಲೆ ಎಚ್ಚರ ತಪ್ಪುವುದು. ಮುಚ್ಚಿದ ಕೋಣೆಯಲ್ಲಿ ಅಂಗೀಠಿ, ಅಂದರೆ ಇದ್ದಿಲ ಒಲೆ, ಹಚ್ಚಿಟ್ಟು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿ ಪ್ರತಿ ಚಳಿಗಾಲದಲ್ಲೂ ಇಲ್ಲಿನ ಪತ್ರಿಕೆಗಳಲ್ಲಿ ಬರುತ್ತದೆ. ಕಾರಣ ಇದೇ ಅನಿಲ.

ಮನೆಗೆ ಬಂದ ಮೇಲೆ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಅಲ್ಲ ಮಾರಾಯ, ನಮ್ಮ ಹಂಡೆ ಒಲೆಯ ಹೊಗೆ ಹೋಗಲಿಕ್ಕೆ ದಾರಿ ಇತ್ತು. ಇದರ ಹೊಗೆ ಎಲ್ಲಿಗೆ ಹೋಗ್ತದೆ?’ ಎಂಜಿನಿಯರ್ ಆದ ನನಗೆ ಹೊಳೆಯದೇ ಹೋದ ಪ್ರಶ್ನೆ ಅದು.

ಅದೇ ವಾರ ಹೊಸ ಗೀಸರ್ ಕೊಳ್ಳಲು ಹೊರಟೆ. ಊರಲ್ಲಿ 15 ಲೀಟರಿನ ವಿದ್ಯುತ್ ಗೀಸರ್ ಸಾಕಾಗುತ್ತಿತ್ತು, ಇಲ್ಲಿಯೂ ಸಾಕೆಂದುಕೊಂಡಿದ್ದೆ. ಲೆಕ್ಕ ಹಾಕಿದಾಗ ತಪ್ಪು ತಿಳಿಯಿತು. ಊರಿನ ನಲ್ಲಿಯ ನೀರು 22 ಡಿಗ್ರಿ ಎಂದುಕೊಳ್ಳಿ. ಗೀಸರಿನ 60 ಡಿಗ್ರಿಯ 15 ಲೀಟರ್‌ಗೆ ಅದನ್ನು ಬೆರೆಸಿದರೆ 40 ಡಿಗ್ರಿಯ ಸ್ನಾನದ ನೀರು ಸುಮಾರು 32 ಲೀಟರ್ ಸಿಗುತ್ತದೆ. ದೆಹಲಿಯ ಚಳಿಗಾಲದ ನೀರು 12 ಡಿಗ್ರಿ ಇದ್ದರೆ ಸಿಗುವುದು 26 ಲೀಟರ್ ಮಾತ್ರ, ಒಂದೂವರೆ ಬಕೆಟ್. 25 ಲೀಟರಿನದಾದರೆ 43 ಲೀಟರ್. ಇಬ್ಬರ ಸ್ನಾನಕ್ಕೆ ಅಡ್ಡಿಯಿಲ್ಲ.

ಮೂರು ಲೀಟರಿನ ಇನ್‌ಸ್ಟಂಟ್ ಗೀಸರ್ ಅಗ್ಗ. ಆದರೆ 3 ಕಿಲೋವ್ಯಾಟ್‌ನದು ಕೂಡ ಇಲ್ಲಿನ ಚಳಿಯಲ್ಲಿ ನಿಮಿಷಕ್ಕೆ ಒಂದೂವರೆ ಲೀಟರ್ ಬಿಸಿನೀರು ಕೊಟ್ಟೀತು. ಬಕೆಟ್ ತುಂಬಲು ಹನ್ನೆರಡು ನಿಮಿಷ ನಡುಗುತ್ತಾ ನಿಲ್ಲಬೇಕು. ಅದು ಅಡುಗೆಮನೆಯ ಸಿಂಕಿಗೆ ಸರಿ. 25 ಲೀಟರಿನ 2 ಕಿಲೋವ್ಯಾಟ್ ಗೀಸರಿಗೆ ಕಾಯಲು ಮುಕ್ಕಾಲು ಗಂಟೆ ಹಿಡಿದರೂ ಒಂದು ಸಲಕ್ಕೆ ಸುಮಾರು ಒಂದೂವರೆ ಯುನಿಟ್ ಸಾಕು.

ಬಿಇಇ ಸ್ಟಾರ್ ಹೇಳುವುದು ಟ್ಯಾಂಕಿನಲ್ಲಿ ನಿಂತ ನೀರು ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂಬುದನ್ನು. ಸ್ಟಾರ್ ಹೆಚ್ಚಿದ್ದಷ್ಟೂ ನಷ್ಟ ಕಡಿಮೆ. ನಮ್ಮಲ್ಲಿನ ಬೋರ್‌ವೆಲ್ ನೀರು ಗಡಸು. ಕಾಯಿಲಿಗೆ ಬಿಳಿ ಪೊರೆ ಕಟ್ಟುತ್ತದೆ. ಟ್ಯಾಂಕಿನೊಳಗಿನ ಮೆಗ್ನೀಸಿಯಂ ಸರಳು ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯುತ್ತದೆ. ಸವೆದ ಸರಳನ್ನು ಬದಲಿಸದಿದ್ದರೆ ಟ್ಯಾಂಕ್ ತೂತಾಗುತ್ತದೆ. ವರ್ಷಕ್ಕೊಮ್ಮೆ, ದೀಪಾವಳಿಗೆ ಮುಂಚೆ, ಎರಡನ್ನೂ ತೋರಿಸಿಬಿಡಿ. ನೀರು ಕಾಯುವಾಗ ಸುರಕ್ಷತಾ ವಾಲ್ವಿನಿಂದ ಹನಿ ತೊಟ್ಟಿಕ್ಕುವುದು ಸಹಜ. ಸೋರಿಕೆ ಎಂದು ಅದನ್ನು ಮುಚ್ಚಬೇಡಿ, ಒಳಗಿನ ಒತ್ತಡ ಹೊರಹೋಗುವ ದಾರಿ ಅದೊಂದೇ. 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಇಲ್ಲದೆ ಜೋಡಿಸಬೇಡಿ.

ಇಂಗ್ಲೆಂಡಿನಲ್ಲಿರುವ ನನ್ನ ಚಿಕ್ಕಪ್ಪನ ಮಗನ ಮನೆಯಲ್ಲಿ ಹಳೆಯ ಕ್ರಮದ ಬಾಯ್ಲರ್ ಇದೆ. ಅಟ್ಟದ ಮೇಲೆ ತಣ್ಣೀರ ಟ್ಯಾಂಕ್, ಕೆಳಗೆ ಬಿಸಿನೀರಿನ ಸಿಲಿಂಡರ್. ಅದೇ ಬಾಯ್ಲರಿನ ನೀರು ಕೋಣೆಕೋಣೆಯ ರೇಡಿಯೇಟರಿಗೂ ಹರಿದು ಮನೆಯನ್ನು ಬೆಚ್ಚಗಿಡುತ್ತದೆ. ಅಲ್ಲಿ 2022ರ ಅಕ್ಟೋಬರ್‌ನಿಂದ ಬಾಡಿಗೆ ಮನೆಗಳಲ್ಲಿ ಇಂಥ ಬಾಯ್ಲರ್ ಇರುವ ಕೋಣೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯ. ಇಲ್ಲಿ ಆ ಎಚ್ಚರವನ್ನು ನಾವೇ ವಹಿಸಿಕೊಳ್ಳಬೇಕು. ಗ್ಯಾಸ್ ಗೀಸರ್ ಬೇಕೇ ಬೇಕೆಂದರೆ ಅದು ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ. ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ.

ಮರುವರ್ಷ ಅಮ್ಮ ಬಂದಾಗ ಮೊದಲು ನೋಡಿದ್ದು ಬಚ್ಚಲನ್ನು. ಕಿಟಕಿಯ ರಟ್ಟು ಹೋಗಿತ್ತು. ಗೋಡೆಯ ಮೇಲೆ 25 ಲೀಟರಿನ ಗೀಸರ್ ಇತ್ತು. ‘ಇದಕ್ಕೆ ಹೊಗೆಯೇ ಇಲ್ಲಮ್ಮ’ ಎಂದೆ. ‘ಹಂಗಾದ್ರೆ ಸರಿ. ಆದ್ರೂ ಚಿಲಕ ಹಾಕೂದಿಲ್ಲ ನಾನು’ ಎಂದು ಟವೆಲು ತೆಗೆದುಕೊಂಡು ಒಳಗೆ ಹೋದರು.

ಬಾಡಿಗೆ ಮನೆ ನೋಡಲು ಹೋದಾಗ ನಾವು ಮೆಟ್ರೊ ಎಷ್ಟು ದೂರ, ಪಾರ್ಕಿಂಗ್ ಇದೆಯೇ ಎಂದು ಕೇಳುತ್ತೇವೆ. ಇನ್ನು ಮುಂದೆ ಬಚ್ಚಲಿನ ಬಾಗಿಲನ್ನೂ ತೆರೆದು ನೋಡಿ. ಊರಿನಿಂದ ಅಪ್ಪ ಅಮ್ಮ ಬರುವ ಮೊದಲೇ ನೋಡಿ.