ಕಾಯಕದಲ್ಲಿ ಕಾಯದ ಪಾಲು

'ಕಾಯಕ' ಎಂಬ ಶಬ್ದವನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರವಣಿಗೆ ವಿಪುಲವಾಗಿದೆ. ಅದರ ಪಾವಿತ್ರ್ಯ, ಅದು ಸಾರುವ ಸಮಾನತೆ, ದಾಸೋಹದೊಡನೆ ಅದಕ್ಕಿರುವ ನಂಟು ಇವುಗಳ ವಿವೇಚನೆ ಸಾಕಷ್ಟು ನಡೆದಿದೆ. ಆದರೆ ಆ ಶಬ್ದದ ಒಡಲಲ್ಲಿಯೇ ಕುಳಿತಿರುವ 'ಕಾಯ'ದ ಕಡೆಗೆ ದೃಷ್ಟಿ ಹರಿದದ್ದು ಕಡಿಮೆ. ಕಾಯದಿಂದ ಆಗತಕ್ಕದ್ದು ಕಾಯಕ. ಕಾಯವೇ ಬೇನೆಬಿದ್ದರೆ, ಅದೂ ಆ ಕಾಯಕದಿಂದಲೇ ಬೇನೆಬಿದ್ದರೆ, ಅದನ್ನು ಹೇಗೆ ಅರಿಯಬೇಕು ಎಂಬ ಪ್ರಶ್ನೆ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಹೊಲಗಳಲ್ಲಿ ದಿನವೂ ಏಳುವಂಥದು.

ಶರಣರ ಚರಿತೆಗಳು ಈ ಪ್ರಶ್ನೆಗೆ ಹೊರತಾಗಿಲ್ಲ. ಮೇದಾರ ಕೇತಯ್ಯನು ಬಿದಿರು ಕಡಿಯಲು ಹೋದಾಗ ಸಿಬಿರು ನಾಟಿ ಪ್ರಾಣಕ್ಕೆ ಎರವಾದನೆಂಬ ಕಥೆ ಪ್ರಸಿದ್ಧವಾಗಿದೆ. ಅದನ್ನು ಭಕ್ತನ ಪರೀಕ್ಷೆಯೆಂದು ಓದುವುದು ರೂಢಿ. ಆದರೆ ಬುಟ್ಟಿ ಹೆಣೆಯುವವನ ಮೈಗೆ ಎಂಥ ಅಪಾಯ ಕಾದಿರುತ್ತದೆಂಬುದನ್ನು ಬಲ್ಲವರೇ ಆ ಕಥೆಯನ್ನು ಕಟ್ಟಿದ್ದಾರೆ ಎಂಬುದೂ ಅಷ್ಟೇ ನಿಜ. ಆಯ್ದಕ್ಕಿ ಮಾರಯ್ಯನು ಒಂದು ದಿನ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳಿಸಿದ ಪ್ರಸಂಗವನ್ನು ಆಸೆಯ ಖಂಡನೆಯೆಂದು ವಿವರಿಸಲಾಗುತ್ತದೆ. ಇಂದಿನ ಅಗತ್ಯಕ್ಕೆ ಎಷ್ಟು ಬೇಕೋ ಅಷ್ಟೇ ದುಡಿಮೆ ಎಂಬ ಮಿತಿಯೂ ಆ ಪ್ರಸಂಗದಲ್ಲಿ ಅಡಗಿದೆ. ವಚನಕಾರರಲ್ಲಿ ವೈದ್ಯ ಸಂಗಣ್ಣನೂ ಒಬ್ಬನಿದ್ದನೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ಕಾಯಕದ ಹಿರಿಮೆಯನ್ನು ಹೇಳಿ ಕಾಯವನ್ನು ಕಡೆಗಣಿಸುವುದು ಶರಣರ ಮಾತಿಗೆ ಅರ್ಧ ಅರ್ಥವನ್ನಷ್ಟೇ ಹೇಳಿದಂತೆ.

ಉದ್ಯೋಗಕ್ಕೂ ರೋಗಕ್ಕೂ ಇರುವ ಸಂಬಂಧವನ್ನು ಇಡೀ ಒಂದು ಗ್ರಂಥದ ವಿಷಯವನ್ನಾಗಿ ಮಾಡಿದವನು ಇಟಲಿಯ ವೈದ್ಯ ರಮಾತ್ಸಿನಿ. 1700ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಕುಂಬಾರರು, ಅಗಸಗಿತ್ತಿಯರು, ರೈತರು ಮೊದಲಾದವರ ಬೇನೆಗಳು ಒಂದೊಂದಾಗಿ ವರ್ಣಿತವಾಗಿವೆ. ರೋಗಿಯನ್ನು ನೋಡಲು ಹೋದ ವೈದ್ಯನು ಹಳೆಯ ಪ್ರಶ್ನೆಗಳ ಜೊತೆಗೆ 'ನಿನ್ನ ಕೆಲಸವೇನು' ಎಂಬುದನ್ನೂ ಕೇಳಬೇಕೆಂಬುದು ಅವನ ಆಗ್ರಹ. ಮೂರು ಶತಮಾನಗಳಾದ ಮೇಲೂ ಹಳ್ಳಿಯ ದವಾಖಾನೆಗಳಲ್ಲಿ ಈ ಪ್ರಶ್ನೆ ಅಪರೂಪವಾಗಿಯೇ ಕೇಳಿಬರುತ್ತದೆ.

ಎರೆಭೂಮಿಯ ಬೆಳೆಗಳು ಒಂದೊಂದೂ ಒಂದೊಂದು ಬಗೆಯಲ್ಲಿ ಮೈಯನ್ನು ಮುಟ್ಟುತ್ತವೆ. ಕಡಲೆಯ ಗಿಡ ತನ್ನ ಎಲೆಗಳ ಮೇಲೆ ಹುಳಿಯನ್ನು ಒಸರುತ್ತದೆ. ಬೆಳೆಯನ್ನು ಕೈಯಿಂದ ಕೀಳುವ ಹೆಣ್ಣುಮಕ್ಕಳ ಬೆರಳಸಂದುಗಳು ಅದರಿಂದ ಬಿರಿದು ಉರಿಯುತ್ತವೆ. ಹಳೆಯ ಅರಿವೆಯನ್ನು ಕೈಗೆ ಸುತ್ತಿಕೊಳ್ಳುವುದೊಂದೇ ಅವರಿಗಿರುವ ರಕ್ಷೆ. ಕುಸುಬೆಯ ಮುಳ್ಳು ಬಿಸಿಲೇರಿದಂತೆ ಸೆಟೆದು ಚುಚ್ಚುತ್ತದೆ. ಆದ್ದರಿಂದಲೇ ಇಬ್ಬನಿಯಿಂದ ಮುಳ್ಳು ಮೆತ್ತಗಾಗಿರುವ ನಸುಕಿನಲ್ಲಿ ಅದನ್ನು ಕೊಯ್ಯುವ ಪದ್ಧತಿ ಬಂದಿದೆ. ಇದು ಯಾವ ಇಲಾಖೆಯೂ ಕಲಿಸಿದ್ದಲ್ಲ, ಹಿರಿಯರ ಮೈ ಕಲಿಸಿದ್ದು.

ಕುಂದಗೋಳ, ಅಣ್ಣಿಗೇರಿ ಕಡೆಯ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಖ್ಯಾತಿಯಿದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಆದರೆ ಕಡಿಮೆ ಖಾರವೆಂಬ ಮಾತು ಊಟ ಮಾಡುವವರಿಗೆ ಸಲ್ಲುತ್ತದೆಯೇ ಹೊರತು ದಿನವಿಡೀ ರಾಶಿಯ ಮುಂದೆ ಕುಳಿತು ತೊಟ್ಟು ಮುರಿಯುವವರಿಗಲ್ಲ. ಒಣಕಾಯಿಯ ಘಾಟು ಮೂಗು, ಗಂಟಲು, ಕಣ್ಣುಗಳನ್ನು ಸುಡುತ್ತದೆ. ಖಾರದ ಸತ್ವ ನೀರಿನಲ್ಲಿ ಕರಗುವಂಥದಲ್ಲವಾದ್ದರಿಂದ ಬರಿಯ ನೀರಿನಿಂದ ಕೈ ತೊಳೆದರೆ ಉರಿ ಆರುವುದಿಲ್ಲ. ಮೊದಲು ಎಣ್ಣೆ ಸವರಿ, ಆಮೇಲೆ ಸಾಬೂನಿನಿಂದ ತೊಳೆಯಬೇಕಾಗುತ್ತದೆ. ಮೊಲೆಯುಣ್ಣುವ ಕೂಸನ್ನು ಕಟ್ಟಿಕೊಂಡು ಬಂದ ತಾಯಿಗೆ ಈ ಉರಿಯ ಕೈ ಎಂಥ ಸಂಕಟವೆಂಬುದನ್ನು ವಿವರಿಸಬೇಕಾಗಿಲ್ಲ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಹತ್ತಿಯಿಂದ ಬಂತು. ಈ ಸೀಮೆಯ ಜಯಧರ ಮೊದಲಾದ ನಾಟಿ ಬಗೆಯ ತಳಿಗಳು ಮಳೆಯನ್ನೇ ನೆಚ್ಚಿದವು. ಇಳುವರಿ ಅಲ್ಪವಾದರೂ ಅವುಗಳಿಗೆ ಔಷಧದ ಹಂಗು ಬಹಳವಿರಲಿಲ್ಲ. ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿಯವರು ಸಿದ್ಧಗೊಳಿಸಿದ 'ವರಲಕ್ಷ್ಮಿ' ಎಂಬ ಮಿಶ್ರತಳಿ 1972ರಲ್ಲಿ ಬಿಡುಗಡೆಯಾಯಿತು. ನೀಳ ಎಳೆಯ ಆ ಹತ್ತಿ ಹಲವು ಮನೆಗಳಿಗೆ ಹೆಸರಿಗೆ ತಕ್ಕ ಭಾಗ್ಯವನ್ನೇ ತಂದಿತು. ಆದರೆ ಮಿಶ್ರತಳಿಗಳೊಡನೆ ಕಾಯಿಕೊರಕದ ಹಾವಳಿಯೂ, ಅದರ ಹಿಂದೆ ಬೆನ್ನಿಗೆ ಕಟ್ಟುವ ಔಷಧದ ಪಂಪೂ ಹೊಲವನ್ನು ಹೊಕ್ಕವು. 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಸಿಕ್ಕ ಮೇಲೆ ಕಾಯಿಕೊರಕಕ್ಕೆ ಸಿಂಪಡಿಸುವುದು ಕೆಲಕಾಲ ತಗ್ಗಿತಾದರೂ ರಸ ಹೀರುವ ಕೀಟಗಳು ಪಂಪನ್ನು ಮನೆಯ ಮೂಲೆಗೆ ಸೇರಲು ಬಿಡಲಿಲ್ಲ.

ರಂಜಕಯುಕ್ತ ಕೀಟನಾಶಕಗಳು ಹುಳುವನ್ನು ಕೊಲ್ಲುವ ರೀತಿಯೇ ಮನುಷ್ಯನನ್ನೂ ಬಾಧಿಸುವ ರೀತಿ. ನರ ಮತ್ತು ಸ್ನಾಯುಗಳ ನಡುವಿನ ಸಂದೇಶವನ್ನು ಕ್ಷಣಕ್ಷಣಕ್ಕೂ ಅಳಿಸಿಹಾಕುವ ಕಿಣ್ವವೊಂದನ್ನು ಅವು ತಡೆಹಿಡಿಯುತ್ತವೆ. ಆಗ ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಿರಿದಾದ ಕಣ್ಣಿನ ಪಾಪೆ, ಹೊಟ್ಟೆ ನುಲಿತ, ಉಬ್ಬಸ ಇವು ಕಾಣಿಸಿಕೊಳ್ಳುತ್ತವೆ. ವಿಷ ಬಾಯಿಯಿಂದಲೇ ಹೋಗಬೇಕೆಂದಿಲ್ಲ, ಚರ್ಮದ ಮೂಲಕವೂ ಇಳಿಯುತ್ತದೆ; ಸೋರುವ ಪಂಪು ಬೆನ್ನಿನ ಮೇಲಿನ ಅಂಗಿಯನ್ನು ತೋಯಿಸಿದರೆ ಸಾಕು. ಬರಿಗಾಲಲ್ಲಿ, ಗಾಳಿಗೆ ಎದುರಾಗಿ ಸಿಂಪಡಿಸುತ್ತ ಸಾಗುವ ಆಳು ಸಂಜೆಯ ತಲೆಶೂಲೆಯನ್ನು ಬಿಸಿಲಿನ ಲೆಕ್ಕಕ್ಕೆ ಬರೆದುಬಿಡುತ್ತಾನೆ.

ಹೊಲದಿಂದ ಜಿನ್ನಿಗೆ ಬಂದ ಹತ್ತಿ ಮತ್ತೊಂದು ಬಗೆಯ ತೊಂದರೆಯನ್ನು ತರುತ್ತದೆ. ಅರಳೆಯ ಜೊತೆಗಿರುವ ಒಣ ಎಲೆ, ಸಿಪ್ಪೆಗಳ ಧೂಳು ವರ್ಷಗಟ್ಟಲೆ ಎದೆಯನ್ನು ಸೇರಿದರೆ ಶ್ವಾಸನಾಳಗಳು ಬಿಗಿಯುತ್ತವೆ. ಈ ರೋಗದ ಲಕ್ಷಣವೊಂದು ವಿಚಿತ್ರವಾದುದು: ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲನೆಯ ದಿನವೇ ಎದೆಬಿಗಿತ ಹೆಚ್ಚು, ಅನಂತರದ ದಿನಗಳಲ್ಲಿ ಅದು ಇಳಿಯುತ್ತದೆ. ಸಂತೆಯ ಮರುದಿನ ಕೆಮ್ಮುವವರನ್ನು ಕಂಡು ಸೋಮಾರಿಗಳೆಂದು ಮೇಸ್ತ್ರಿ ಗೊಣಗಿದರೆ ಅವನಿಗೆ ಈ ಲಕ್ಷಣ ತಿಳಿಯದೆಂದೇ ಅರ್ಥ. ರೋಗ ಬಲಿತ ಮೇಲೆ ದಿನಗಳ ವ್ಯತ್ಯಾಸ ಉಳಿಯುವುದಿಲ್ಲ, ಉಸಿರೇ ಭಾರವಾಗುತ್ತದೆ.

ಕಾನೂನಿನ ನೆರಳು ಇವರ ಮೇಲೆ ಬಿದ್ದದ್ದು ಅತ್ಯಲ್ಪ. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಕಾರ್ಖಾನೆಯ ದುಡಿಮೆಗಾರರಿಗೆ ಬೇನೆಯ ದಿನಗಳ ಭತ್ಯೆಯನ್ನೂ ಚಿಕಿತ್ಸೆಯನ್ನೂ ಒದಗಿಸಿತು. ಆದರೆ ಹಂಗಾಮಿನ ಕಾರ್ಖಾನೆಗಳನ್ನು ಅದು ಹೊರಗಿಟ್ಟಿತು. ಹಾಗೆ ಹೊರಗುಳಿದ ಪಟ್ಟಿಯಲ್ಲಿ ಹತ್ತಿಯ ಜಿನ್ನು, ಅರಳೆಯ ಪ್ರೆಸ್ಸು, ಶೇಂಗಾ ಒಡೆಯುವ ಗಿರಣಿ, ಅಂದರೆ ಈ ಸೀಮೆಯಲ್ಲಿದ್ದಂಥ ಕಾರ್ಖಾನೆಗಳೇ ಸೇರಿದ್ದವು. ಹೊಲದ ಆಳಿನ ಮಾತಂತೂ ಅಲ್ಲಿ ಏಳಲೇ ಇಲ್ಲ. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ಸದಸ್ಯರಿಗೆ ಶಸ್ತ್ರಚಿಕಿತ್ಸೆಯ ಭಾರವನ್ನು ಇಳಿಸಿದ್ದು ಸ್ತುತ್ಯವಾದ ಕಾರ್ಯ. ಆದರೂ ಕತ್ತರಿಗೆ ಸಿಗದ ಬೆನ್ನುನೋವು, ಉಬ್ಬಸ, ರಕ್ತಹೀನತೆ ಇವೇ ದುಡಿಯುವವರ ನಿತ್ಯದ ಸಂಗಾತಿಗಳು.

ನವಲಗುಂದದ ಜಮಖಾನೆಯ ಪ್ರಸ್ತಾಪ ಬಾರದೆ ಈ ವಿಷಯ ಪೂರ್ಣವಾಗದು. ಆ ಊರಿನ ಮುಸಲ್ಮಾನ ಮನೆತನಗಳ ಹೆಣ್ಣುಮಕ್ಕಳು, ಅವರು ಮಾತ್ರವೇ, ಮನೆಯೊಳಗಿನ ನಿಲುವು ಮಗ್ಗದಲ್ಲಿ ಅದನ್ನು ನೇಯುತ್ತ ಬಂದಿದ್ದಾರೆ. ಆದಿಲಶಾಹಿಯ ಪತನದ ತರುವಾಯ ವಿಜಾಪುರದಿಂದ ಬಂದ ಕಸುಬು ಇದೆಂದು ಹೇಳುತ್ತಾರೆ. ಮಗಳು ಮದುವೆಯಾಗಿ ಪರವೂರಿಗೆ ಹೋದರೆ ವಿದ್ಯೆಯೂ ಹೋದೀತೆಂದು ಸೊಸೆಗೆ ಮಾತ್ರ ಕಲಿಸುತ್ತಿದ್ದರೆಂಬ ಪ್ರತೀತಿಯೂ ಉಂಟು. ನವಿಲಿನ ಮತ್ತು ಚೌಕಗಳ ಚಿತ್ತಾರವನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ನೂಲಿನ ಪ್ರತಿ ಸಾಲನ್ನೂ ಕಬ್ಬಿಣದ ಹಣಿಗೆಯಿಂದ ಬಡಿದು ಕೂಡಿಸಬೇಕು. ಆ ಬಡಿತ ಮಣಿಕಟ್ಟಿನಲ್ಲಿ, ಭುಜದಲ್ಲಿ ಸಂಚಯವಾಗುತ್ತದೆ. ಮಡಿಚಿದ ಮೊಣಕಾಲು, ಬಾಗಿದ ಕತ್ತು, ಮಂದ ಬೆಳಕು, ನೂಲಿನ ಪುಡಿ ಇವೂ ಜೊತೆಗೂಡುತ್ತವೆ. ಈಗ ನೇಯುವ ಕೈಗಳು ಬೆರಳೆಣಿಕೆಗೆ ಇಳಿಯಲು ಕಡಿಮೆ ಕೂಲಿಯಷ್ಟೇ ಅಲ್ಲ, ಈ ನೋವೂ ಕಾರಣವಾಗಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ. ಕಲಘಟಗಿಯ ಕಡೆ ಹೊಲದ ರೂಪ ಬೇರೆ. ಅಲ್ಲಿ ಮಲೆನಾಡಿನ ಸೆರಗು, ಭತ್ತದ ಗದ್ದೆ, ಕೆಸರು. ಬೆನ್ನು ಬಾಗುವುದು ಮಾತ್ರ ಒಂದೇ.

ಈ ಭಾಗದ ರೈತರು ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಬಸವನಿಗೆ ವಾರಕ್ಕೊಂದು ವಿರಾಮ ಬೇಕೆಂಬ ಈ ಕಟ್ಟಳೆ ಎಷ್ಟು ಸುಂದರವಾದುದೋ, ಅದರ ಮಗ್ಗುಲಲ್ಲಿಯೇ ಕಾಣುವ ಕೊರತೆ ಅಷ್ಟೇ ಕಹಿಯಾದುದು. ಎತ್ತು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿರುವ ಸೋಮವಾರದಂದೂ ಕೂಲಿಯ ಹೆಣ್ಣುಮಗಳು ಕಳೆ ತೆಗೆಯಲು ಹೋಗುತ್ತಾಳೆ. ನವಲಗುಂದ, ಅಣ್ಣಿಗೇರಿಗಳ ಎರೆನೆಲದಲ್ಲಿ ಅಂತರ್ಜಲ ಬಹುಮಟ್ಟಿಗೆ ಸವುಳು. ಕುಡಿಯಲು ಕೆರೆಯ ನೀರನ್ನೇ ನೆಚ್ಚಬೇಕಾಗಿ ಬಂದುದರಿಂದ ಕೊಡ ಹೊತ್ತ ದಣಿವು ಹೊಲದ ದಣಿವಿಗೆ ಮೊದಲೇ ಶುರುವಾಗುತ್ತಿತ್ತು. ಬಯಲ ಹೊಲದಲ್ಲಿ ಮರೆಯಿಲ್ಲದ ಕಾರಣ ಹೆಂಗಸರು ನೀರನ್ನೇ ಕಡಿಮೆ ಕುಡಿಯುತ್ತಾರೆ. ಬಿಸಿಲಿನಲ್ಲಿ ಹೀಗೆ ನೀರಡಿಕೆಯನ್ನು ಅದುಮಿಟ್ಟುಕೊಂಡರೆ ಉರಿಮೂತ್ರ, ಮೂತ್ರಪಿಂಡದ ಬಾಧೆಗಳಿಗೆ ದಾರಿಯಾಗುತ್ತದೆ. ಬೇನೆಯೆಂದು ಬಾಯಿಬಿಟ್ಟರೆ ನಾಳೆ ಕೆಲಸಕ್ಕೆ ಕರೆಯಲಿಕ್ಕಿಲ್ಲವೆಂಬ ಅಂಜಿಕೆಯಿಂದ ನೋವಿನ ಗುಳಿಗೆ ನುಂಗಿ ಹೊಲಕ್ಕೆ ಹೋಗುವವರನ್ನು ಕಂಡು 'ಎಂಥ ಕಾಯಕನಿಷ್ಠೆ' ಎಂದು ಹೊಗಳುವುದು ಸಲ್ಲದು. ಅದು ನಿಷ್ಠೆಯಲ್ಲ, ನಿರುಪಾಯ. 2005ರ ಉದ್ಯೋಗ ಖಾತರಿ ಕಾಯಿದೆ ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆ, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕೆಂದು ವಿಧಿಸಿತು. ಸರಕಾರಿ ಕೆರೆ ಅಗೆಯುವವರಿಗೆ ಸಲ್ಲುವ ನೆರಳು ಖಾಸಗಿ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವವರಿಗೆ ಸಲ್ಲಬಾರದೆಂಬುದಕ್ಕೆ ಕಾರಣ ಕಾಣದು. ನಾಲ್ಕು ಗೂಟ, ಒಂದು ತಾಡಪತ್ರಿ, ಒಂದು ಕೊಡ ನೀರು, ಹೆಂಗಸರಿಗೊಂದು ಮರೆ: ಇಷ್ಟಕ್ಕೆ ಹೊಲದ ಒಡೆಯನಿಗೆ ಆಗುವ ಖರ್ಚು ಒಂದು ಡಬ್ಬಿ ಔಷಧದ ಬೆಲೆಗಿಂತ ಹೆಚ್ಚಾಗಲಾರದು.

ಆ ಡಬ್ಬಿಯ ವಿಷಯದಲ್ಲಿ ಓದು ಬಾರದವರೂ ಓದಬಹುದಾದ ಒಂದು ಗುರುತಿದೆ. 1968ರ ಕೀಟನಾಶಕ ಕಾಯಿದೆಯ ಮೇರೆಗೆ 1971ರಲ್ಲಿ ಬಂದ ನಿಯಮಗಳು ಪ್ರತಿಯೊಂದು ಡಬ್ಬಿಯ ಮೇಲೂ ಬಣ್ಣದ ತ್ರಿಕೋನವನ್ನು ಕಡ್ಡಾಯಗೊಳಿಸಿದವು. ಕೆಂಪು ಅತ್ಯುಗ್ರ ವಿಷಕ್ಕೆ, ಹಳದಿ ಅದಕ್ಕಿಂತ ತುಸು ಕಡಿಮೆಯದಕ್ಕೆ, ನೀಲಿ ಮಧ್ಯಮಕ್ಕೆ, ಹಸಿರು ಅಲ್ಪ ವಿಷಕ್ಕೆ. ಸಿಂಪಡಿಸಿ ಬಂದವನು ಊಟಕ್ಕೆ ಕೂಡುವ ಮೊದಲು ಸಾಬೂನು ಹಚ್ಚಿ ಸ್ನಾನ ಮಾಡಬೇಕು. ಅವನ ಬಟ್ಟೆಗಳನ್ನು ಮನೆಯ ಇತರ ಬಟ್ಟೆಗಳೊಡನೆ ಒಗೆಯಬಾರದು. ಬರಿದಾದ ಡಬ್ಬಿಯಲ್ಲಿ ನೀರಾಗಲಿ ಎಣ್ಣೆಯಾಗಲಿ ತುಂಬಿಡಕೂಡದು. ಯಾರಾದರೂ ಜೊಲ್ಲು ಸುರಿಸುತ್ತ ಬೆವೆತು ಕುಸಿದರೆ ಬಟ್ಟೆ ಕಳಚಿ, ಮೈ ತೊಳೆದು, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಹೋಗುವಾಗ ಡಬ್ಬಿಯನ್ನು ತಪ್ಪದೆ ಜೊತೆಗೆ ಒಯ್ಯಬೇಕು. ಯಾವ ವಿಷವೆಂದು ತಿಳಿದರೆ ಯಾವ ಚುಚ್ಚುಮದ್ದು ಎಂಬುದನ್ನು ವೈದ್ಯರು ಬೇಗನೆ ನಿರ್ಧರಿಸಬಲ್ಲರು.