ನಕ್ಷೆಯ ಮೇಲಿನ ಚುಕ್ಕೆ: ಮಿಷನರಿ ದತ್ತಾಂಶ ಕಲಿಸುವ ಪಾಠ

2001ರ ಜನಗಣತಿಯ ಪ್ರಕಾರ ಕೋಲಾರ ಜಿಲ್ಲೆಯ ಜನಸಂಖ್ಯೆ 25,36,069. 2011ರ ಜನಗಣತಿಯಲ್ಲಿ ಅದು 15,36,401. ಹತ್ತು ವರ್ಷಗಳಲ್ಲಿ ಹತ್ತು ಲಕ್ಷ ಜನ ಎಲ್ಲಿಗೆ ಹೋದರು? ಬರ ಬಂದಿತೇ? ಊರುಗಳೇ ಗುಳೆ ಎದ್ದವೇ? ಅಂಥದ್ದೇನೂ ಆಗಲಿಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. ಆರು ತಾಲ್ಲೂಕುಗಳು ಅದರ ಪಾಲಿಗೆ ಹೋದವು. ಕೋಲಾರ, ಮಾಲೂರು, ಬಂಗಾರಪೇಟೆ, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳು ಹಳೆಯ ಜಿಲ್ಲೆಯಲ್ಲಿ ಉಳಿದವು. ಇಷ್ಟೇ ಪ್ರದೇಶದ 2001ರ ಜನಸಂಖ್ಯೆ 13,87,062. ಅಂದರೆ ಜನ ಕಡಿಮೆಯಾಗಲಿಲ್ಲ, ಸುಮಾರು ಶೇ. 10.8ರಷ್ಟು ಹೆಚ್ಚಾದರು. ಬದಲಾದದ್ದು ನಕ್ಷೆಯ ಮೇಲಿನ ಗೆರೆ.

ಅಂಕಿಯನ್ನು ಅದರ ಗೆರೆಯೊಡನೆಯೇ ಓದಬೇಕು ಎಂಬುದು ನಕ್ಷೆ ಮತ್ತು ದತ್ತಾಂಶವನ್ನು ಬಳಸುವ ಎಲ್ಲರಿಗೂ ಅನ್ವಯಿಸುವ ಮೊದಲ ಪಾಠ. ಇಡೀ ಪ್ರಪಂಚವನ್ನು ಒಂದೇ ಕೋಷ್ಟಕದಲ್ಲಿ ತರಲು ಬಹಳ ಹಿಂದೆಯೇ ಪ್ರಯತ್ನಿಸಿದವರಲ್ಲಿ ಕ್ರೈಸ್ತ ಮಿಷನರಿಗಳೂ ಸೇರಿದ್ದಾರೆ. ಅವರ ಉದ್ದೇಶ ಧಾರ್ಮಿಕವಾದದ್ದು. ಅದನ್ನು ಒಪ್ಪುವುದು, ಬಿಡುವುದು ಈ ಲೇಖನದ ವಿಷಯವಲ್ಲ. ಆದರೆ ಅವರು ಬಳಸಿದ ವಿಧಾನಗಳು, ಅವುಗಳಿಂದಾದ ಪ್ರಯೋಜನ ಮತ್ತು ಅವುಗಳಲ್ಲಿ ಅಡಗಿರುವ ಅಪಾಯ ಈ ಮೂರೂ ವಿಜ್ಞಾನದ ವಿದ್ಯಾರ್ಥಿಗಳು ತಿಳಿಯಬೇಕಾದವು. ನಮ್ಮ ಕೋಲಾರ ಸೀಮೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇವನ್ನು ನೋಡೋಣ.

ಚಮ್ಮಾರನ ಕೋಷ್ಟಕ

ಇಂಗ್ಲೆಂಡಿನ ವಿಲಿಯಂ ಕೇರಿ ವೃತ್ತಿಯಿಂದ ಚಮ್ಮಾರ, ಜೊತೆಗೆ ಶಾಲೆಯ ಉಪಾಧ್ಯಾಯ. ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಪ್ರಪಂಚದ ದೊಡ್ಡ ನಕ್ಷೆಯೊಂದನ್ನು ಮಾಡಿ, ಓದಿನಿಂದ ತಿಳಿದದ್ದನ್ನೆಲ್ಲ ಅದರ ಮೇಲೆ ಗುರುತಿಸುತ್ತಿದ್ದ. 1792ರಲ್ಲಿ ಅವನು ಪ್ರಕಟಿಸಿದ ಪುಟ್ಟ ಪುಸ್ತಕದಲ್ಲಿ ದೇಶಗಳ ಉದ್ದ, ಅಗಲ, ಜನಸಂಖ್ಯೆ, ಧರ್ಮ ಎಂಬ ಕಂಬಸಾಲುಗಳ ಕೋಷ್ಟಕಗಳಿದ್ದವು. ಪ್ರಪಂಚದ ಜನಸಂಖ್ಯೆ 73.1 ಕೋಟಿ ಎಂದು ಅವನು ಲೆಕ್ಕ ಹಾಕಿದ. ಆಗ ಹೆಚ್ಚಿನ ದೇಶಗಳಲ್ಲಿ ಜನಗಣತಿಯೇ ಇರಲಿಲ್ಲ. ಆದ್ದರಿಂದ ಆ ಸಂಖ್ಯೆ ಎಣಿಕೆಯಲ್ಲ, ಅಂದಾಜು. 1793ರಲ್ಲಿ ಭಾರತಕ್ಕೆ ಬಂದ ಈತ ಮುಂದೆ ಸೆರಾಂಪುರದಲ್ಲಿ ನೆಲೆಸಿದ. 1817ರಲ್ಲಿ ಕನ್ನಡ ಭಾಷೆಯ ವ್ಯಾಕರಣವೊಂದನ್ನೂ ಪ್ರಕಟಿಸಿದ.

ಕೇರಿಯ ಕೋಷ್ಟಕದ ಕ್ರಮವೇ ಮುಂದೆ ಬೆಳೆಯಿತು. 1910ರಲ್ಲಿ ಎಡಿನ್‌ಬರೋದಲ್ಲಿ ನಡೆದ ವಿಶ್ವ ಮಿಷನರಿ ಸಮ್ಮೇಳನಕ್ಕಾಗಿ ಅಂಕಿಅಂಶಗಳ ಭೂಪಟ ಸಂಪುಟವನ್ನೇ ಸಿದ್ಧಪಡಿಸಲಾಯಿತು. 1982ರಲ್ಲಿ ಡೇವಿಡ್ ಬ್ಯಾರೆಟ್ ಸಂಪಾದಿಸಿದ ವಿಶ್ವಕೋಶವು ದೇಶ ದೇಶಗಳ ಧಾರ್ಮಿಕ ಅಂಕಿಅಂಶಗಳನ್ನು ಒಂದೆಡೆ ತಂದಿತು. 1983ರಲ್ಲಿ ಅಮೆರಿಕದಲ್ಲಿ ಆರಂಭವಾದ ಗ್ಲೋಬಲ್ ಮ್ಯಾಪಿಂಗ್ ಇಂಟರ್‌ನ್ಯಾಷನಲ್ ಸಂಸ್ಥೆಯು ಈ ಕೆಲಸಕ್ಕೆ ಕಂಪ್ಯೂಟರ್ ನಕ್ಷೆಗಳನ್ನು ಒದಗಿಸಿತು. ಆ ಸಂಸ್ಥೆ 2017ರಲ್ಲಿ ಮುಚ್ಚಿತು.

ಕೋಲಾರದಲ್ಲಿ ನಡೆದದ್ದು

ಮೈಸೂರು ಸಂಸ್ಥಾನದ ಮೊದಲ ಸಾರ್ವತ್ರಿಕ ಜನಗಣತಿ ನಡೆದದ್ದು 1871ರಲ್ಲಿ. ಆಗಿನ ಜನಸಂಖ್ಯೆ 50,55,412. 1881ರ ಎಣಿಕೆಯಲ್ಲಿ ಸಿಕ್ಕಿದ್ದು 41,86,188. ಈ ಬಾರಿ ಗೆರೆಯ ಮೋಸವಿಲ್ಲ. ನಡುವೆ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ (1876–78) ಬಂದುಹೋಗಿತ್ತು. ಜನಸಂಖ್ಯೆ ಶೇ. 17ರಷ್ಟು ಕುಸಿದಿತ್ತು. ಎರಡು ಇಳಿಕೆಗಳನ್ನು ಹೋಲಿಸಿ ನೋಡಿ: ಒಂದು ಕಾಗದದ ಮೇಲಿನದು, ಇನ್ನೊಂದು ಹೊಲ ಮನೆಗಳಲ್ಲಿ ನಡೆದದ್ದು. ಅಂಕಿಗಳಷ್ಟನ್ನೇ ನೋಡಿದರೆ ವ್ಯತ್ಯಾಸ ತಿಳಿಯದು.

ಆ ಕ್ಷಾಮದ ಕಾಲದಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಅನಾಥ ಮಕ್ಕಳಿಗೆ ಆಶ್ರಯ ಕಲ್ಪಿಸಿದರು. 1890ರಲ್ಲಿ ಆ ಕೆಲಸವು ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಹಸ್ತಾಂತರವಾಯಿತು. ಎಡಿನ್‌ಬರೋ ಸಮ್ಮೇಳನ ನಡೆದ 1910ರಲ್ಲೇ ಕೋಲಾರದಲ್ಲಿ ಮಿಷನ್ನಿನ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ ಆರಂಭವಾಯಿತು. ಇಂದಿಗೂ ಜನರ ಬಾಯಲ್ಲಿ ಅದು ‘ಇಟಿಸಿಎಂ’.

ಆ ಕಾಲದಲ್ಲಿ ಬೇರೆ ಬೇರೆ ಮಿಷನ್‌ಗಳು ಒಂದೇ ಊರಿನಲ್ಲಿ ಪೈಪೋಟಿ ನಡೆಸದಿರಲೆಂದು ಕ್ಷೇತ್ರಗಳನ್ನು ಪರಸ್ಪರ ಹಂಚಿಕೊಳ್ಳುವ ಪದ್ಧತಿ ಇತ್ತು. 1904ರಲ್ಲಿ ಲಂಡನ್ ಮಿಷನ್ ತನ್ನ ಬೆಳಗಾವಿ ಕ್ಷೇತ್ರವನ್ನು ಮೆಥಡಿಸ್ಟರಿಗೆ ಬಿಟ್ಟುಕೊಟ್ಟದ್ದು ಹೀಗೆಯೇ. 1947ರಲ್ಲಿ ಹಲವು ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಅಮೆರಿಕದ ಮೆಥಡಿಸ್ಟ್ ಪರಂಪರೆಯ ಸಭೆಗಳು ಅದರಲ್ಲಿ ಸೇರಲಿಲ್ಲ. ಹೀಗಾಗಿ ಯಾವ ಜಿಲ್ಲೆಯಲ್ಲಿ ಯಾವ ಸಭೆಯ ಚರ್ಚು ಹೆಚ್ಚು ಎಂಬುದರಲ್ಲಿ ಆ ಹಳೆಯ ಹಂಚಿಕೆಯ ಗುರುತು ಇಂದಿಗೂ ಕಾಣುತ್ತದೆ. ನಕ್ಷೆ ವಾಸ್ತವವನ್ನು ತೋರಿಸುವುದು ಮಾತ್ರವಲ್ಲ, ಕೆಲವು ವೇಳೆ ವಾಸ್ತವವನ್ನು ರೂಪಿಸುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಪದರದ ಮೇಲೆ ಪದರ

ಇಂದು ಇಂಥ ಕೆಲಸಕ್ಕೆ ಬಳಸುವ ಸಾಧನ ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಇದರಲ್ಲಿ ಪದರಗಳಿರುತ್ತವೆ. ಆಸ್ಪತ್ರೆ, ಶಾಲೆ, ಚರ್ಚು ಇವು ಬಿಂದುಗಳು. ರಸ್ತೆ, ರೈಲುದಾರಿ ಇವು ರೇಖೆಗಳು. ತಾಲ್ಲೂಕು, ಕೆರೆ, ಭಾಷಾ ಪ್ರದೇಶ ಇವು ಬಹುಭುಜಗಳು. ಪ್ರತಿಯೊಂದಕ್ಕೂ ಒಂದು ಕೋಷ್ಟಕ ಅಂಟಿಕೊಂಡಿರುತ್ತದೆ.

ಒಂದು ಸರಳ ಲೆಕ್ಕ ನೋಡೋಣ. ಕೋಲಾರ ಪಟ್ಟಣ ಸುಮಾರು 13.14° ಉತ್ತರ ಅಕ್ಷಾಂಶ, 78.13° ಪೂರ್ವ ರೇಖಾಂಶದಲ್ಲಿದೆ. ಮುಳಬಾಗಿಲು ಸುಮಾರು 13.16°, 78.39°ಯಲ್ಲಿದೆ. ಸಮಭಾಜಕ ವೃತ್ತದ ಮೇಲೆ ಒಂದು ಡಿಗ್ರಿ ರೇಖಾಂಶವೆಂದರೆ 111.3 ಕಿ.ಮೀ. ಧ್ರುವದ ಕಡೆಗೆ ಹೋದಂತೆ ಈ ಅಂತರವು ಅಕ್ಷಾಂಶದ ಕೊಸೈನ್‌ಗೆ ಅನುಗುಣವಾಗಿ ಕುಗ್ಗುತ್ತದೆ. 13°ಯಲ್ಲಿ ಕೊಸೈನ್ ಬೆಲೆ 0.974, ಆದ್ದರಿಂದ ಇಲ್ಲಿ ಒಂದು ಡಿಗ್ರಿ ಎಂದರೆ ಸುಮಾರು 108.4 ಕಿ.ಮೀ. 0.26ರಿಂದ ಗುಣಿಸಿದರೆ ಸುಮಾರು 28 ಕಿ.ಮೀ. ನೇರ ಅಂತರ ದೊರೆಯುತ್ತದೆ. ಇದೇ ರೀತಿ ಲೆಕ್ಕ ಹಾಕಿದರೆ ಕೋಲಾರದಿಂದ ಮಾಲೂರು ಸುಮಾರು 26 ಕಿ.ಮೀ., ಶ್ರೀನಿವಾಸಪುರ ಸುಮಾರು 24 ಕಿ.ಮೀ.

ಮೂರೂ ಊರುಗಳು ಹೆಚ್ಚುಕಡಿಮೆ ಸಮದೂರದಲ್ಲಿವೆ ಎಂದು ನಕ್ಷೆ ಹೇಳುತ್ತದೆ. ಆದರೆ 1910ರಲ್ಲಿ ಮುಳಬಾಗಿಲಿನಿಂದ ರೋಗಿಯನ್ನು ಎತ್ತಿನ ಗಾಡಿಯಲ್ಲಿ ತಂದಿದ್ದರೆ? ಗಂಟೆಗೆ 4 ಕಿ.ಮೀ. ಎಂದರೂ ಏಳು ಗಂಟೆ ಬೇಕು. ಮಾಲೂರಿನ ಮೂಲಕವೋ 1864ರಿಂದಲೇ ಬೆಂಗಳೂರು–ಜೋಲಾರ್‌ಪೇಟೆ ರೈಲುದಾರಿ ಹಾದುಹೋಗುತ್ತಿತ್ತು. ಮಾಲೂರಿನ ರೋಗಿಗೆ ಕೋಲಾರಕ್ಕಿಂತ ಬೆಂಗಳೂರೇ ಹತ್ತಿರವಾಗಿದ್ದಿರಬಹುದು! ಆದ್ದರಿಂದ ಆಸ್ಪತ್ರೆಗೋ ಶಾಲೆಗೋ ಸ್ಥಳ ಹುಡುಕುವವರು ಕೈವಾರದಿಂದ ವೃತ್ತ ಎಳೆದರೆ ಸಾಲದು. ಪ್ರಯಾಣದ ಅವಧಿಯ ನಕ್ಷೆ ಬೇಕು.

ಭಾಷೆಯನ್ನು ಬಹುಭುಜದೊಳಗೆ ಹಿಡಿಯಬಹುದೇ?

ಧರ್ಮಗ್ರಂಥವನ್ನು ಜನರ ಭಾಷೆಗೆ ತರಬೇಕೆಂಬ ಉದ್ದೇಶದಿಂದ ಮಿಷನರಿಗಳು ಭಾಷೆಗಳ ಪಟ್ಟಿ ಮಾಡಿದರು. ಎಸ್‌ಐಎಲ್ ಎಂಬ ಕ್ರೈಸ್ತ ಭಾಷಾ ಸಂಸ್ಥೆಯ ‘ಎತ್ನೊಲಾಗ್’ ಪಟ್ಟಿ 1951ರಲ್ಲಿ ಕೆಲವೇ ಭಾಷೆಗಳಿಂದ ಆರಂಭವಾಗಿ ಇಂದು ಏಳು ಸಾವಿರಕ್ಕೂ ಹೆಚ್ಚು ಭಾಷೆಗಳನ್ನು ಒಳಗೊಂಡಿದೆ. 2007ರಲ್ಲಿ ಬಂದ ಐಎಸ್‌ಒ 639-3 ಎಂಬ ಅಂತರರಾಷ್ಟ್ರೀಯ ಮಾನಕವು ಪ್ರತಿ ಭಾಷೆಗೂ ಮೂರಕ್ಷರದ ಸಂಕೇತ ಕೊಡುತ್ತದೆ. ಅದಕ್ಕೆ ಈ ಪಟ್ಟಿಯೇ ಮುಖ್ಯ ಆಧಾರ. ಇಂದು ಗ್ರಂಥಾಲಯಗಳೂ ತಂತ್ರಾಂಶ ತಯಾರಕರೂ ಧರ್ಮದ ಗೊಡವೆಯಿಲ್ಲದೆ ಈ ಸಂಕೇತಗಳನ್ನು ಬಳಸುತ್ತಾರೆ. ಒಂದು ಉದ್ದೇಶಕ್ಕೆ ಕೂಡಿಹಾಕಿದ ದತ್ತಾಂಶ ಮತ್ತೊಂದಕ್ಕೆ ಒದಗಿದ ಬಗೆ ಇದು.

ಆದರೆ ಭಾಷಾ ನಕ್ಷೆಗೆ ಒಂದು ಮಿತಿಯಿದೆ. ಒಂದು ಪ್ರದೇಶಕ್ಕೆ ಒಂದೇ ಬಣ್ಣ ಎಂದು ಅದು ನಂಬುತ್ತದೆ. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯ ಅನೇಕ ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ, ಶಾಲೆಯಲ್ಲಿ ಕನ್ನಡ ಓದುತ್ತಾರೆ, ಸಂತೆಯಲ್ಲಿ ಎರಡನ್ನೂ ಬೆರೆಸುತ್ತಾರೆ. ಉರ್ದು, ತಮಿಳು ಆಡುವ ಮನೆಗಳೂ ಈ ಸೀಮೆಯಲ್ಲಿವೆ. ಇಂಥ ಮಗುವಿನ ಮನೆಗೆ ಯಾವ ಬಣ್ಣ ಬಳಿಯಬೇಕು? ಉತ್ತರವು ನೀವು ಕೇಳಿದ ಪ್ರಶ್ನೆಯನ್ನು ಅವಲಂಬಿಸುತ್ತದೆ: ‘ಮಾತೃಭಾಷೆ ಯಾವುದು?’ ಎಂದರೆ ಒಂದು ನಕ್ಷೆ, ‘ಓದಲು ಬರುವ ಭಾಷೆ ಯಾವುದು?’ ಎಂದರೆ ಇನ್ನೊಂದು.

ಗೆರೆ ಎಳೆಯುವವರು ಯಾರು?

1990ರ ಸುಮಾರಿಗೆ ಮಿಷನರಿ ವಲಯದಲ್ಲಿ ‘10/40 ಕಿಟಕಿ’ ಎಂಬ ಮಾತು ಪ್ರಚಾರಕ್ಕೆ ಬಂತು. ಉತ್ತರ ಅಕ್ಷಾಂಶ 10°ಯಿಂದ 40°ಯವರೆಗೆ, ಉತ್ತರ ಆಫ್ರಿಕದಿಂದ ಪೂರ್ವ ಏಷ್ಯದವರೆಗೆ ಎಳೆದ ಆಯತ ಇದು. ಕ್ರೈಸ್ತ ಸಂದೇಶ ಹೆಚ್ಚು ತಲುಪದ ಪ್ರದೇಶ ಇದೆಂದು ಅವರ ಭಾವನೆ. ಕೋಲಾರ ಈ ಆಯತದೊಳಗಿದೆ. ಆದರೆ ಆಯತದ ಅಂಚನ್ನು ಗಮನಿಸಿ. ಭಾರತದ ಅತಿ ಹಳೆಯ ಕ್ರೈಸ್ತ ಸಮುದಾಯಗಳ ನೆಲೆಯಾದ ಕೇರಳವನ್ನೇ ಅದು ಕತ್ತರಿಸುತ್ತದೆ: ತ್ರಿಶೂರು ಒಳಗೆ, ಕೊಚ್ಚಿ ಹೊರಗೆ. ಅಕ್ಷಾಂಶವು ಭೂಮಿಯ ಮೇಲಿನ ಸ್ಥಾನವನ್ನು ಹೇಳುತ್ತದೆಯೇ ಹೊರತು ಜನರ ನಂಬಿಕೆಯನ್ನಲ್ಲ.

ಇನ್ನೊಂದು ಬಗೆಯ ಗೆರೆ ಶೇಕಡಾವಾರು ಮಿತಿ. 1995ರಲ್ಲಿ ಆರಂಭವಾದ ಜೋಶುವಾ ಪ್ರಾಜೆಕ್ಟ್ ಎಂಬ ಯೋಜನೆಯು ಜನಸಮುದಾಯಗಳ ಪಟ್ಟಿ ಮಾಡುತ್ತದೆ. ಒಂದು ಸಮುದಾಯದಲ್ಲಿ ಇವಾಂಜೆಲಿಕಲ್ ಕ್ರೈಸ್ತರು ಶೇ. 2ಕ್ಕಿಂತ ಕಡಿಮೆ, ಒಟ್ಟು ಕ್ರೈಸ್ತರು ಶೇ. 5ಕ್ಕಿಂತ ಕಡಿಮೆ ಇದ್ದರೆ ಅದು ‘ತಲುಪದ’ ಸಮುದಾಯ. 5,000 ಜನರ ಒಂದು ಕಾಲ್ಪನಿಕ ಗುಂಪನ್ನು ತೆಗೆದುಕೊಳ್ಳಿ. ಶೇ. 2 ಎಂದರೆ 100 ಜನ. 99 ಇದ್ದರೆ ಒಂದು ಬಣ್ಣ, 101 ಇದ್ದರೆ ಇನ್ನೊಂದು ಬಣ್ಣ. ಎಣಿಕೆಯಲ್ಲೇ ಐವತ್ತರಷ್ಟು ತಪ್ಪು ಸಾಧ್ಯವಿದ್ದರೆ ಈ ಬಣ್ಣಗಳಿಗೆ ಅರ್ಥವೇನು?

ಭಾರತದಲ್ಲಿ ಈ ತೊಡಕು ಇನ್ನೂ ಹೆಚ್ಚು. ಇಲ್ಲಿ ಸಮುದಾಯಗಳನ್ನು ಬಹುಮಟ್ಟಿಗೆ ಜಾತಿಯ ಆಧಾರದಲ್ಲಿ ಪಟ್ಟಿ ಮಾಡಲಾಗಿದೆ. ಆದರೆ ಇಡೀ ದೇಶದ ಎಲ್ಲ ಜಾತಿಗಳ ಎಣಿಕೆ ಜನಗಣತಿಯಲ್ಲಿ ಕೊನೆಯ ಬಾರಿ ಪ್ರಕಟವಾದದ್ದು 1931ರಲ್ಲಿ. ಹಳೆಯ ಅಂಕಿಗಳನ್ನು ಬೆಳವಣಿಗೆಯ ದರದಿಂದ ಗುಣಿಸಿ ಪಡೆದ ಸಂಖ್ಯೆ ಎಷ್ಟೇ ನಿಖರವಾಗಿ ಕಂಡರೂ ಅಂದಾಜೇ. 1792ರ ಕೇರಿಯ ಕೋಷ್ಟಕಕ್ಕೂ ಇಂದಿನ ಕಂಪ್ಯೂಟರ್ ಪರದೆಗೂ ಈ ವಿಷಯದಲ್ಲಿ ದೂರ ಕಡಿಮೆ.

ಚುಕ್ಕೆಯ ಹಿಂದೆ ಮನೆಯಿದೆ

ಈಗ ಅತಿ ಮುಖ್ಯವಾದ ಪ್ರಶ್ನೆ. ಎಷ್ಟು ಹತ್ತಿರದಿಂದ ನೋಡಬಹುದು? 2011ರ ಜನಗಣತಿಯ ಧರ್ಮವಾರು ಕೋಷ್ಟಕಗಳು ತಾಲ್ಲೂಕು ಮತ್ತು ಪಟ್ಟಣದ ಮಟ್ಟದಲ್ಲಿ ನಿಲ್ಲುತ್ತವೆ. ಹಳ್ಳಿವಾರು ಕೋಷ್ಟಕಗಳಲ್ಲಿ ಜನಸಂಖ್ಯೆ, ಸಾಕ್ಷರತೆ, ಉದ್ಯೋಗ ಮುಂತಾದ ವಿವರಗಳಿವೆ, ಧರ್ಮವಿಲ್ಲ. ಮುನ್ನೂರು ಮನೆಗಳ ಹಳ್ಳಿಯಲ್ಲಿ ‘2 ಕುಟುಂಬ’ ಎಂದು ಬರೆದರೆ ಅದು ಅಂಕಿಅಂಶವಾಗಿ ಉಳಿಯುವುದಿಲ್ಲ, ಮನೆಯ ವಿಳಾಸವೇ ಆಗುತ್ತದೆ. ಹೆಸರು ಬರೆಯದಿದ್ದರೂ ಊರವರಿಗೆಲ್ಲ ಅದು ಯಾರ ಮನೆ ಎಂದು ಗೊತ್ತು.

ಅಂಥ ಚುಕ್ಕೆಯನ್ನು ಸಹಾಯ ಮಾಡಲು ಹಾಕಿರಬಹುದು. ಆದರೆ ನಕ್ಷೆ ಒಬ್ಬರ ಕೈಯಲ್ಲೇ ಉಳಿಯುವುದಿಲ್ಲ; ಕೆಡುಕು ಬಯಸುವವನಿಗೂ ಅದೇ ಚುಕ್ಕೆ ದಾರಿ ತೋರಿಸುತ್ತದೆ. ತಮ್ಮ ಬಗ್ಗೆ ಪಟ್ಟಿ ತಯಾರಾಗುತ್ತಿದೆ ಎಂಬುದೇ ಕೆಲವರಲ್ಲಿ ಭಯ ಹುಟ್ಟಿಸಬಹುದು. 2021ರಲ್ಲಿ ಕರ್ನಾಟಕದಲ್ಲಿ ಚರ್ಚುಗಳ ಸಮೀಕ್ಷೆಯ ಪ್ರಸ್ತಾಪ ವಿವಾದವಾಗಿ ಹೈಕೋರ್ಟಿನ ಮೆಟ್ಟಿಲೇರಿದ್ದನ್ನು ನೆನೆಯಬಹುದು. ಪಟ್ಟಿ ಮಾಡುವವರು ಮಿಷನರಿಗಳಾಗಲಿ, ಸರ್ಕಾರವಾಗಲಿ, ಯಾವುದೇ ಸಂಘವಾಗಲಿ, ನಿಯಮ ಒಂದೇ: ಯಾರ ದತ್ತಾಂಶವೋ ಅವರ ಒಪ್ಪಿಗೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ತಿರುಳಿನಲ್ಲಿಯೂ ಒಪ್ಪಿಗೆಯ ತತ್ತ್ವವಿದೆ.

ಆರೋಗ್ಯ ವಿಜ್ಞಾನಿಗಳು ಈ ಸಮಸ್ಯೆಗೆ ಕೆಲವು ಉಪಾಯಗಳನ್ನು ಬಳಸುತ್ತಾರೆ. ತೀರ ಚಿಕ್ಕ ಸಂಖ್ಯೆಗಳನ್ನು ಪ್ರಕಟಿಸದೆ ಬಿಡುವುದು ಒಂದು. ಹಲವು ಹಳ್ಳಿಗಳನ್ನು ಸೇರಿಸಿ ಒಟ್ಟು ಸಂಖ್ಯೆ ಕೊಡುವುದು ಇನ್ನೊಂದು. ಚುಕ್ಕೆಯನ್ನು ಬೇಕೆಂದೇ ಸ್ವಲ್ಪ ದೂರ ಸರಿಸುವುದು ಮತ್ತೊಂದು. ನಿಖರತೆ ಕಡಿಮೆ ಮಾಡುವುದೂ ಇಲ್ಲಿ ಒಂದು ವೈಜ್ಞಾನಿಕ ನಿರ್ಧಾರವೇ.

ತರಗತಿಯಲ್ಲಿ ಮಾಡಿ ನೋಡಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಬಾಹ್ಯರೇಖೆಯನ್ನು ದೊಡ್ಡ ಹಾಳೆಯ ಮೇಲೆ ಬಿಡಿಸಿ. ಜನಗಣತಿಯ ಕೋಷ್ಟಕದಿಂದ ಸಾಕ್ಷರತೆಯ ಪ್ರಮಾಣವನ್ನು ತೆಗೆದುಕೊಂಡು ಮೂರು ಬಣ್ಣಗಳಲ್ಲಿ ತುಂಬಿ. ನಂತರ ಬಣ್ಣಗಳ ಮಿತಿಗಳನ್ನು ಮಾತ್ರ ಬದಲಿಸಿ ಇನ್ನೊಂದು ನಕ್ಷೆ ಮಾಡಿ. ದತ್ತಾಂಶ ಒಂದೇ ಆದರೂ ಎರಡು ನಕ್ಷೆಗಳು ಬೇರೆ ಬೇರೆ ಕಥೆ ಹೇಳುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣುತ್ತಾರೆ. ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲೂ ಇದನ್ನು ಮಾಡಬಹುದು. ಸಹಪಾಠಿಗಳ ಜಾತಿ, ಧರ್ಮ ಅಥವಾ ಕಾಯಿಲೆಯ ವಿವರಗಳನ್ನು ಮಾತ್ರ ಈ ಚಟುವಟಿಕೆಗೆ ಬಳಸಬೇಡಿ.

ಮುಂದೆ ಯಾವುದೇ ನಕ್ಷೆ ಕಂಡಾಗ ನಾಲ್ಕು ಪ್ರಶ್ನೆ ಕೇಳಿ. ಎಣಿಸಿದವರು ಯಾರು? ಯಾವ ವರ್ಷದಲ್ಲಿ, ಯಾವ ಗೆರೆಯೊಳಗೆ? ಬಣ್ಣದ ಮಿತಿಯನ್ನು ಗೊತ್ತುಮಾಡಿದವರು ಯಾರು? ಕೊನೆಯದಾಗಿ, ಈ ಚುಕ್ಕೆಯ ಜಾಗದಲ್ಲಿ ನಮ್ಮ ಮನೆಯೇ ಇದ್ದಿದ್ದರೆ ಅದನ್ನು ಹಾಕಲು ನಾವು ಒಪ್ಪುತ್ತಿದ್ದೆವೇ?