ನೆಲೆಗೊಡದ ಮೇಲ್ಮೈ

ಕೆರೆಯ ಮೆಟ್ಟಿಲುಗಳ ಮೇಲೆ ಕಾಲು ಜಾರಿಸುವ ಲೋಳೆಯನ್ನು ನೀವು ಕಂಡಿರಬಹುದು. ಬಹುದಿನ ತೊಳೆಯದ ಕೊಡದ ಒಳಮೈಯಲ್ಲಿಯೂ ಅಂತಹುದೇ ತೆಳುವಾದ ಪೊರೆ ಕೈಗೆ ಸೋಂಕುತ್ತದೆ. ಇದರಲ್ಲಿ ಬ್ಯಾಕ್ಟೀರಿಯಾಗಳ ಕೈವಾಡ ದೊಡ್ಡದು. ಸುಮಾರು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟಿರುವ ಈ ಜೀವಿ ಮೊದಲು ಒಂದು ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಬಳಿಕ ಒಂದು ಹಲವಾಗಿ, ಸುತ್ತಲೂ ಲೋಳೆಯ ಕೋಟೆಯನ್ನು ಕಟ್ಟಿಕೊಳ್ಳುತ್ತದೆ.

ಕೊಡವನ್ನು ಹುಣಿಸೆಹಣ್ಣಿನಿಂದ ತಿಕ್ಕಿ ತೊಳೆಯಬಹುದು. ರೋಗಿಯ ಮೂತ್ರಕೋಶಕ್ಕೆ ಇಳಿಸಿದ ಕೊಳವೆಯನ್ನು ತಿಕ್ಕುವುದೆಂತು? ಅಲ್ಲಿ ಪೊರೆ ಕಟ್ಟಿದರೆ ಸೋಂಕು ತಲೆದೋರುತ್ತದೆ. ಲೋಳೆಯೊಳಗಿನ ಬ್ಯಾಕ್ಟೀರಿಯಾಗಳು ಔಷಧಕ್ಕೆ ಸುಲಭವಾಗಿ ಮಣಿಯುವುದಿಲ್ಲ. ಅನೇಕ ವೇಳೆ ಕೊಳವೆಯನ್ನೇ ಬದಲಾಯಿಸಬೇಕಾಗುತ್ತದೆ. ಆದುದರಿಂದ ಶತ್ರು ಕೋಟೆ ಕಟ್ಟಿದ ಮೇಲೆ ಹೋರಾಡುವುದಕ್ಕಿಂತ, ಅವನಿಗೆ ಕಾಲೂರಲು ನೆಲೆಯನ್ನೇ ಕೊಡದಿರುವುದು ಲೇಸು. ಇದಕ್ಕಾಗಿ ವಿಜ್ಞಾನಿಗಳು ಪಾಲಿಮರುಗಳ ಮೊರೆ ಹೊಕ್ಕಿದ್ದಾರೆ.

ಸಣ್ಣ ಅಣುಗಳು ಸರಪಳಿಯ ಕೊಂಡಿಗಳಂತೆ ಕೂಡಿಕೊಂಡು ಆದ ದೊಡ್ಡ ಅಣುವೇ ಪಾಲಿಮರ್. ಪ್ಲಾಸ್ಟಿಕ್ಕು ಮನುಷ್ಯನು ಮಾಡಿದ ಪಾಲಿಮರ್. ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ನೇಯುವ ರೇಷ್ಮೆ ಪ್ರಕೃತಿಯು ಕೊಟ್ಟ ಪಾಲಿಮರ್. ಕೊಂಡಿಗಳನ್ನು ಬದಲಾಯಿಸಿದರೆ ವಸ್ತುವಿನ ಗುಣವೂ ಬದಲಾಗುತ್ತದೆ.

ಕೆಲವು ಪಾಲಿಮರುಗಳು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಆ ನೀರಿನ ಪದರವನ್ನು ದಾಟಿ ಅಂಟಿಕೊಳ್ಳುವುದು ಬ್ಯಾಕ್ಟೀರಿಯಾಕ್ಕೆ ಕಷ್ಟ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಸಂಶೋಧಕರು ಇನ್ನೊಂದು ದಾರಿ ಹಿಡಿದರು. ಗಾಜಿನ ಫಲಕದ ಮೇಲೆ ನೂರಾರು ಪಾಲಿಮರುಗಳ ಚುಕ್ಕೆಗಳನ್ನಿಟ್ಟು, ಯಾವುದಕ್ಕೆ ಬ್ಯಾಕ್ಟೀರಿಯಾ ಅಂಟುವುದಿಲ್ಲವೆಂದು ಪರೀಕ್ಷಿಸಿ, ತಮ್ಮ ಫಲಿತಾಂಶವನ್ನು 2012ರಲ್ಲಿ ಪ್ರಕಟಿಸಿದರು.

ಬೆಂಗಳೂರಿನಿಂದ ದೇವನಹಳ್ಳಿಯ ಕಡೆಗೆ ಹೋಗುವಾಗ ಸಿಕ್ಕುವ ಜಕ್ಕೂರಿನಲ್ಲಿ, 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಅಲ್ಲಿ ಜಯಂತ ಹಲ್ದಾರ್ ಅವರ ತಂಡವು ಅಂಟಲು ಬಂದ ಬ್ಯಾಕ್ಟೀರಿಯಾವನ್ನು ಕೊಲ್ಲುವ ಲೇಪಗಳನ್ನು ರೂಪಿಸಿದೆ. ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಋಣ ವಿದ್ಯುದಂಶವಿರುತ್ತದೆ. ಲೇಪದಲ್ಲಿ ಧನ ವಿದ್ಯುದಂಶವಿರುತ್ತದೆ. ಎರಡೂ ಸೆಳೆದುಕೊಂಡಾಗ ಬ್ಯಾಕ್ಟೀರಿಯಾದ ಪೊರೆ ಹರಿದು ಅದು ಸಾಯುತ್ತದೆ. ನೇರಳಾತೀತ ಬೆಳಕಿನಿಂದ ಬಟ್ಟೆ, ಪ್ಲಾಸ್ಟಿಕ್ಕುಗಳಿಗೆ ಭದ್ರವಾಗಿ ಬೆಸೆಯಬಹುದಾದ ಇಂತಹ ಲೇಪವೊಂದನ್ನು ಈ ತಂಡವು 2020ರಲ್ಲಿ ಪ್ರಕಟಿಸಿತು.

ಆದರೂ ಕೆಲಸ ಮುಗಿದಿಲ್ಲ. ಸತ್ತ ಬ್ಯಾಕ್ಟೀರಿಯಾಗಳೂ ರಕ್ತದ ಪ್ರೋಟೀನುಗಳೂ ಲೇಪವನ್ನು ಮುಚ್ಚಿದರೆ, ಹೊಸದಾಗಿ ಬಂದವಕ್ಕೆ ಅದೇ ನೆಲೆಯಾಗುತ್ತದೆ. ಲೇಪವು ನಮ್ಮ ಜೀವಕೋಶಗಳಿಗೂ ಹಾನಿ ಮಾಡಬಾರದು. ಕೊಲ್ಲುವ ಗುಣವನ್ನೂ ಅಂಟಗೊಡದ ಗುಣವನ್ನೂ ಒಂದೇ ವಸ್ತುವಿನಲ್ಲಿ ಕೂಡಿಸುವ ಪ್ರಯತ್ನ ನಡೆದಿದೆ. ಅದು ಕೈಗೂಡಿದಷ್ಟೂ ರೋಗಿಯ ನೋವು ತಗ್ಗುತ್ತದೆ, ಔಷಧದ ಅಗತ್ಯವೂ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ, ಮತ್ತು ಆಮೇಲೆಯೂ, ಸೋಪು ನೀರುಗಳಿಂದ ಕೈತೊಳೆಯುವ ಅಭ್ಯಾಸವನ್ನು ನಾವು ಬಿಡುವಂತಿಲ್ಲ.